ದೇವಿಯನ್ನು ಕಟ್ಟುತ್ತಿದ್ದ ಫಿಲಿನ್ನಾ

ಬದುಕಿನ ಉತ್ತರಾರ್ಧದಲ್ಲಿ ಫಿಲಿನ್ನಾಳನ್ನು ತಲೆಯ ಮೇಲೆ ಲಕ್ಕಿ ಗಿಡದ ಎಳೆ ಬರಲುಗಳನ್ನು ಬಾಗಿಸಿ ಹೆಣೆದ ಕಿರೀಟವಿಲ್ಲದೆ ಕಂಡೆನೆಂದು ಹೇಳಬಲ್ಲವರು ನಮ್ಮ ಸಾಮೋಸ್ ದ್ವೀಪದಲ್ಲಿ ಯಾರೂ ಇರಲಾರರು. ಅವಳ ಕುಲದ ಉಳಿದವರು ಹಬ್ಬದ ಬೆಳಿಗ್ಗೆ ಕಿರೀಟ ತೊಟ್ಟು ಸಂಜೆಗೆ ತೆಗೆದಿಡುತ್ತಾರೆ. ಈಕೆ ಆಡು ಕರೆಯುವಾಗ, ಮೀನಿನ ಹುರುಪೆ ಕೆರೆಯುವಾಗ, ಬಾವಿಕಟ್ಟೆಯಲ್ಲಿ ಸೊಂಟಕ್ಕೆ ಕೈಯಿಟ್ಟು ಜಗಳಕ್ಕೆ ನಿಂತಾಗ ಕೂಡ ಅದನ್ನು ತೆಗೆದವಳಲ್ಲ. ಒಮ್ಮೆ ಯಾರದೋ ಮದುವೆಯ ಊಟದಲ್ಲಿ ಆಡೊಂದು ಹಿಂದಿನಿಂದ ಬಂದು ಕಿರೀಟಕ್ಕೆ ಬಾಯಿ ಹಾಕಿತು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ, ಅದು ಮುಟ್ಟಿತು, ಮುಟ್ಟಿ ಕಹಿಗೆ ಮುಖ ಕಿವುಚಿ ಅವಳ ಹೆಗಲ ಮೇಲೆಯೇ ಉಗುಳಿತು. ಪಂಕ್ತಿಯೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರೆ ಫಿಲಿನ್ನಾ ಎದ್ದು ಇಂಬ್ರಸೋಸ್ ಹೊಳೆಯ ದಂಡೆಗೆ ಹೋಗಿ, ಹೊಸ ಬರಲು ಮುರಿದು ತಂದು, ತಲೆಗೆ ಸುತ್ತಿಕೊಂಡ ಮೇಲೆಯೇ ಬಟ್ಟಲಿಗೆ ಕೈ ಹಾಕಿದಳು.

ಅವಳ ನಡಿಗೆಯೂ ವಿಲಕ್ಷಣ. ಕಾಣದ ಹಗ್ಗವೊಂದನ್ನು ಹೆಗಲಿಗೆ ಹಾಕಿಕೊಂಡು ಹಿಂದಿನಿಂದ ಏನನ್ನೋ ಎಳೆದುಕೊಂಡು ಬರುತ್ತಿರುವವಳ ಹಾಗೆ ಮುಂದಕ್ಕೆ ಬಾಗಿ, ಮರಳಿನಲ್ಲಾಗಲಿ ಕಲ್ಲಿನಲ್ಲಾಗಲಿ ಒಂದೇ ಭಾರದಲ್ಲಿ ನಡೆಯುತ್ತಿದ್ದಳು. ಹರೆಯದಲ್ಲಿ ಅವಳಿಗೆ ಕಟ್ಟುವುದೆಂದರೆ ಹುಚ್ಚು ಪ್ರೀತಿ. ಸೌದೆಯ ಹೊರೆ, ಆಡಿನ ಕಾಲು, ದೋಣಿಯ ಮೂತಿ, ಅಳುವ ಕೂಸಿನ ತೊಟ್ಟಿಲು, ಯಾವುದೇ ಇರಲಿ, ಗಂಟು ಬಿಗಿದು ಎರಡು ಕೈಗಳನ್ನೂ ಒಂದಕ್ಕೊಂದು ಕೊಡವಿ, "ಇನ್ನೆಲ್ಲಿ ಹೋಗ್ತದೆ?" ಎನ್ನುವಳು. ಆ ಮಾತು ಊರಿನ ಬಾಯಲ್ಲಿ ಗಾದೆಯಾಗಿ, ಹೊಸದಾಗಿ ಮದುವೆಯಾದ ಗಂಡಸರನ್ನು ಕೂಡ ಜನ ಅದರಿಂದಲೇ ಛೇಡಿಸುತ್ತಿದ್ದರು.

ಕಟ್ಟುವುದು ಅವಳ ಕುಲದ ಕಸುಬು. ಜಲಸಂಧಿಯಾಚೆ ಕಾಣುವ ಮಿಕಾಲೆ ಬೆಟ್ಟದ ಹಿಂದಿನ ಕಾರಿಯ ದೇಶದಿಂದ ಬಂದವರು ಅವಳ ಹಿರಿಯರು. ನಮ್ಮ ಹೇರಾದೇವಿ ಇದೇ ಹೊಳೆಯ ದಂಡೆಯ ಲಕ್ಕಿ ಗಿಡದ ಬುಡದಲ್ಲಿ ಹುಟ್ಟಿದವಳು. ಅವಳ ಗುಡಿಯಲ್ಲಿರುವುದು ಕಣ್ಣು ಮೂಗು ಕೆತ್ತದ ಹಳೆಯ ಹಲಗೆ, ಅದಕ್ಕೇ ಸೀರೆಯುಡಿಸಿ ತಾಯಿ ಎನ್ನುತ್ತೇವೆ. ಹಿಂದೊಮ್ಮೆ ಕಡಲುಗಳ್ಳರು ಆ ಹಲಗೆಯನ್ನು ಕದ್ದು ಹಡಗಿಗೆ ಹೇರಿದರಂತೆ. ಎಷ್ಟು ಹುಟ್ಟು ಹಾಕಿದರೂ ಹಡಗು ಇದ್ದ ಜಾಗ ಬಿಟ್ಟು ಕದಲಲಿಲ್ಲ. ಅಂಜಿದ ಕಳ್ಳರು ದೇವಿಯನ್ನು ದಡಕ್ಕಿಳಿಸಿ, ಎದುರಿಗೆ ಜವೆಗೋಧಿಯ ರೊಟ್ಟಿಯಿಟ್ಟು ಕೈಮುಗಿದು ಓಡಿದರು. ಬೆಳಗಾಗಿ ಹುಡುಕುತ್ತ ಬಂದ ಕಾರಿಯದವರಿಗೆ ಕಂಡದ್ದು ಸಮುದ್ರದಂಚಿನಲ್ಲಿ ಒಂಟಿಯಾಗಿ ನಿಂತ ದೇವಿ. ಗಂಡ ಝೀಯಸನ ಚೆಲ್ಲಾಟಕ್ಕೆ ರೋಸಿ ತಾಯಿ ಊರು ಬಿಟ್ಟು ಹೊರಟಳೆಂದೇ ಅವರು ತಿಳಿದು, ಓಡಿಹೋಗದ ಹಾಗೆ ಲಕ್ಕಿ ಬರಲಿನಿಂದ ಬಿಗಿದು ಕಟ್ಟಿದರು. ಆ ತಪ್ಪಿಗೆ ಅಪೊಲೊ ದೇವನ ವಾಕ್ಯ ಪ್ರಾಯಶ್ಚಿತ್ತ ವಿಧಿಸಿತು: ಕಟ್ಟಿದವರ ವಂಶ ಅದೇ ಬರಲನ್ನು ತಲೆಗೆ ಸುತ್ತಿಕೊಳ್ಳಬೇಕು. ಅಂದಿನಿಂದ ವರ್ಷಕ್ಕೊಮ್ಮೆ ದೇವಿಯನ್ನು ಕಡಲಿಗೆ ಒಯ್ಯುತ್ತೇವೆ, ಕಳೆದುಕೊಂಡಂತೆ ಹುಡುಕುತ್ತೇವೆ, ಕಟ್ಟುತ್ತೇವೆ, ಬಿಚ್ಚಿ ಮೀಯಿಸಿ ಮನೆ ತುಂಬಿಸಿಕೊಳ್ಳುತ್ತೇವೆ. ಎದುರಿಗಿಡುವ ರೊಟ್ಟಿ ತಟ್ಟುವ ಮನೆತನ ನಮ್ಮದು, ಕಟ್ಟುವ ಮನೆತನ ಫಿಲಿನ್ನಾಳದು.

ಅವಳಿಗೆ ಒಬ್ಬಳೇ ಮಗಳು, ಮೆಲಿತ್ತಾ. ಗಂಡ ಕಡಲ ತಳದ ಸ್ಪಂಜು ಕೀಳಲು ಮುಳುಗಿದವನು ಮೇಲೆ ಬರಲಿಲ್ಲವಾದ್ದರಿಂದ, ತಾಯಿ ಮಗಳನ್ನು ಸೆರಗಿನಲ್ಲೇ ಕಟ್ಟಿಕೊಂಡು ಬೆಳೆಸಿದಳು. ಗುಡಿಯ ಹೊಸ ಕಂಬಗಳ ಕೆಲಸ ನಡೆದ ವರ್ಷ ನಕ್ಸೋಸ್ ದ್ವೀಪದಿಂದ ಅಮೃತಶಿಲೆ ಹೊತ್ತ ಹಡಗು ಬಂತು. ಅದರ ಚುಕ್ಕಾಣಿಗ ನಗುಮೊಗದವನು, ಕೊಳಲೂದುವವನು, ಮೆಲಿತ್ತಾ ನೀರಿಗೆ ಹೋಗುವ ಹೊತ್ತು ದಿನದಿಂದ ದಿನಕ್ಕೆ ಉದ್ದವಾಯಿತು. ಹಡಗು ಹೊರಡುವ ಬೆಳಿಗ್ಗೆ ಹಾಸಿಗೆ ಬರಿದಾಗಿದ್ದನ್ನು ಕಂಡ ಫಿಲಿನ್ನಾ ಕೂದಲು ಕೆದರಿಕೊಂಡು ಕಡಲ ಕಡೆಗೆ ಓಡಿದಳು. ದಾರಿಯಲ್ಲೇ ಮಗಳು ಎದುರಾದಳು, ಕಂಕುಳಲ್ಲಿ ಬಟ್ಟೆಯ ಗಂಟು. ತಾಯಿ ಒಂದು ಮಾತನ್ನೂ ಆಡಗೊಡದೆ ರಟ್ಟೆ ಹಿಡಿದು ಮನೆಗೆಳೆದು ತಂದು, ಕೋಣೆಗೆ ನೂಕಿ, ಚಿಲಕಕ್ಕೆ ಹಗ್ಗ ಸುತ್ತಿ ಬಿಗಿದಳು. ಬಿಗಿದು, ಬೀದಿಗೆ ಕೇಳುವ ಹಾಗೆ, ಇನ್ನೆಲ್ಲಿ ಹೋಗ್ತದೆ ಎಂದಳು. ಹಡಗು ಮಧ್ಯಾಹ್ನಕ್ಕೆ ಹಾಯಿ ಬಿಚ್ಚಿ ಹೋಯಿತು, ಮತ್ತೆ ಈ ರೇವಿಗೆ ಬರಲಿಲ್ಲ.

ಮೆಲಿತ್ತಾ ಅಳಲಿಲ್ಲ, ಮುನಿಸೆಂದು ಉಪವಾಸ ಬೀಳಲಿಲ್ಲ. ನೂಲು ತೆಗೆದಳು, ನೇಯ್ದಳು, ಬೇಯಿಸಿ ಬಡಿಸಿದಳು. ಬಂದ ಸಂಬಂಧಗಳನ್ನೆಲ್ಲ ತಲೆಯಾಡಿಸಿ ಕಳಿಸಿದಳು. ಆದರೆ ಆ ದಿನದಿಂದ ಅವಳ ಬಾಯಿಂದ 'ಅವ್ವ' ಎಂಬ ಶಬ್ದ ಹೊರಡಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುವಳು, ತಾನಾಗಿ ಕರೆಯಳು. ಹೊರಗಿನವರಿಗೆ ತಿಳಿಯುವಂಥ ಮೌನವಲ್ಲ ಅದು. ಒಂದೇ ಒಲೆಯ ಎರಡು ಬದಿಗೆ ಕುಳಿತು ಫಿಲಿನ್ನಾ ಆ ಒಂದು ಶಬ್ದಕ್ಕಾಗಿ ಹಸಿದಳು. ನೆರೆಮನೆಯ ಮಕ್ಕಳು ತಮ್ಮ ತಾಯಂದಿರನ್ನು ಕೂಗಿದರೆ ಇವಳು ತನ್ನ ಹೊಸ್ತಿಲಿಗೆ ಬಂದು ನಿಲ್ಲುವುದನ್ನು ನಾನೇ ಎಷ್ಟೋ ಸಲ ಕಂಡು, ಕಾಣದವಳಂತೆ ಒಳಗೆ ಸರಿದಿದ್ದೇನೆ.

ಆಗಲೇ ಅವಳು ಹಬ್ಬದ ಕಿರೀಟವನ್ನು ದಿನನಿತ್ಯ ತೊಡಲು ತೊಡಗಿದ್ದು. ಊರು ಅದನ್ನು ಭಕ್ತಿಯೆಂದಿತು, ಕೆಲವರು ಅರುಳುಮರುಳೆಂದರು. ತನ್ನ ಹಳೆಯ ಮಾತನ್ನು ಅವಳು ಬಿಟ್ಟುಬಿಟ್ಟದ್ದು ಯಾರ ಗಮನಕ್ಕೂ ಬರಲಿಲ್ಲ. ಆಡಿನ ಹಗ್ಗ ಸಡಿಲವಾಯಿತು, ಸೌದೆಯ ಹೊರೆ ದಾರಿಯಲ್ಲೇ ಬಿಚ್ಚಿ ಚೆಲ್ಲತೊಡಗಿತು. ಕಡೆಗೆ ಹಬ್ಬದಲ್ಲಿ ದೇವಿಗೆ ಹಾಕುವ ಗಂಟೂ ಸಡಿಲವಾಯಿತು. ಗುಡಿಯ ಪಾರುಪತ್ಯಗಾರ ಖೆರಾಮಿಸ್, ಹೊಟ್ಟೆ ಮುಂದೆ ತಾನು ಹಿಂದೆ ಬರುವ ಮನುಷ್ಯ, ಒಂದು ವರ್ಷ ಎಲ್ಲರೆದುರಿಗೆ ಅಂದೇಬಿಟ್ಟ.

"ಏನಜ್ಜಿ, ಅಮ್ಮನ್ನ ಕಟ್ತಾ ಇದ್ದೀಯೋ, ಹೂಮಾಲೆ ಹಾಕ್ತಾ ಇದ್ದೀಯೋ?"

"ಕಟ್ಟಿ ನೋಡಿದೋಳು ನಾನು. ನೀನು ಹೊಟ್ಟೆಗೆ ಪಟ್ಟಿ ಕಟ್ಟಿಕೊ ಹೋಗು," ಎಂದಳು ಅವಳು.

ಜನ ನಕ್ಕರು, ಖೆರಾಮಿಸ್ ನಗಲಿಲ್ಲ. ಇನ್ನೊಮ್ಮೆ ಸಡಿಲ ಕಟ್ಟಿದರೆ ಕಟ್ಟುವ ಹಕ್ಕನ್ನು ಬೇರೆ ಮನೆಗೆ ಕೊಡುವುದಾಗಿ ಹೇಳಿ ಹೋದ. ಅಂದು ಬಾವಿಕಟ್ಟೆಯಲ್ಲಿ ನಾನು, ಒಂದು ಗಂಟಿಗೆ ಇಷ್ಟು ಹಟ ಯಾಕೆ ಎಂದು ಕೇಳಿದೆ. ಕೊಡ ಎತ್ತಲು ಬಗ್ಗಿದವಳು ಬಗ್ಗಿದ ಹಾಗೇ ಹೇಳಿದಳು: "ಹೋಗ್ಬೇಕು ಅನ್ನೋಳನ್ನ ಕಟ್ಟಿ ಇಟ್ಕೊಂಡ್ರೆ ಏನು ಉಳೀತದೆ ಹೇಳು. ಮರ ಉಳೀತದೆ."

ಮಾರನೆಯ ವರ್ಷದ ಹೊತ್ತಿಗೆ ಅವಳ ಬೆರಳುಗಳು ಬೇರಿನಂತೆ ಸೊಟ್ಟಗಾಗಿ, ಬರಲು ಮಣಿಸುವ ಶಕ್ತಿ ಉಳಿಯಲಿಲ್ಲ. ಕಟ್ಟುವ ಸರದಿ ಮೆಲಿತ್ತಾಳಿಗೆ ಬಂತು. ಆಗವಳಿಗೆ ಕಿವಿಯ ಬಳಿ ಬೆಳ್ಳಿಗೂದಲು. ಬೆಳಗಿನ ಎಳೆಬಿಸಿಲಿನಲ್ಲಿ ದೇವಿಯನ್ನು ಮರಳಿನ ಮೇಲೆ ನಿಲ್ಲಿಸಿದ್ದರು. ನಾನು ಪಾದದ ಬಳಿ ರೊಟ್ಟಿ ಜೋಡಿಸುತ್ತಿದ್ದೆ. ಖೆರಾಮಿಸ್ ಹತ್ತು ಮಾರು ದೂರದಲ್ಲಿ ಕೈಕಟ್ಟಿ ಕಾಯುತ್ತಿದ್ದ. ಮೆಲಿತ್ತಾ ಮೊದಲ ಸುತ್ತು ಸುತ್ತಿದಾಗ ಫಿಲಿನ್ನಾ ಅವಳ ಪಕ್ಕಕ್ಕೆ ಕುಕ್ಕರಿಸಿ ತಗ್ಗಿದ ದನಿಯಲ್ಲಿ ಬೇಡಿಕೊಂಡಳು.

"ಸಡಿಲ ಇರ್ಲಿ ಮಗಾ. ಹಕ್ಕು ಹೋದ್ರೆ ಹೋಗ್ಲಿ. ಅವಳಿಗೆ ಹೋಗೋ ಮನಸ್ಸಿದ್ರೆ ಹೋಗ್ಲಿ."

ಮೆಲಿತ್ತಾ ಕೈ ನಿಲ್ಲಿಸಲಿಲ್ಲ. "ಹೋಗೋ ಮನಸ್ಸಿದ್ದಿದ್ರೆ ಕಳ್ಳರ ಹಡಗು ಅವತ್ತೇ ಹೋಗಿರ್ತಿತ್ತು," ಎಂದಳು. "ಅವಳು ಇಳಿದು ನಿಂತೋಳು. ಅದನ್ನ ನಮ್ಮೋರು ಓಡಿಹೋಗೋಳು ಅಂದ್ಕೊಂಡ್ರು." ಬರಲಿನ ತುದಿಯನ್ನು ಸುತ್ತಿನೊಳಗೆ ತೂರಿಸುತ್ತ, ಯಾರದೋ ಮನೆಯ ಸುದ್ದಿ ಹೇಳುವವಳ ಹಾಗೆ ಮುಂದುವರಿದಳು. "ನಾನೂ ಅಷ್ಟೆ. ಆ ಬೆಳಿಗ್ಗೆ ಹಡಗಿನ ತನಕ ಹೋಗಿದ್ದೆ. ನಿನಗೆ ಹೇಳಿ ಹೋಗೋಣ ಅಂತಲೋ, ಹೋಗೋದೇ ಬೇಡ ಅಂತಲೋ, ನಂಗೇ ಗೊತ್ತಿರ್ಲಿಲ್ಲ. ಕಾಲು ಮಾತ್ರ ಮನೆ ಕಡೆ ತಿರುಗಿತ್ತು. ನಿಂಗೆ ನನ್ನ ಮುಖ ಅಲ್ವಾ ಮೊದಲು ಕಂಡಿದ್ದು? ಓಡಿಹೋಗೋಳಾದ್ರೆ ಬೆನ್ನು ಕಾಣ್ತಿತ್ತು."

ಫಿಲಿನ್ನಾಳ ಕೈ ತಲೆಯ ಕಿರೀಟದ ಮೇಲೆ ಹೋಗಿ ಅಲ್ಲೇ ನಿಂತಿತು. ಅಲೆಯೊಂದು ರೊಟ್ಟಿಯ ತನಕ ಬಂದು ಹಿಂದಕ್ಕೆ ಸರಿಯಿತು, ನನಗೆ ಬುಟ್ಟಿ ಎತ್ತಬೇಕೆಂಬ ನೆನಪೂ ಆಗಲಿಲ್ಲ.

"ನಾ ಕೇಳ್ಲೇ ಇಲ್ಲ," ಎಂದಳು ಮುದುಕಿ.

"ಇಲ್ಲ. ನೀ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ, ಹಟ." ಮೆಲಿತ್ತಾ ಬರಲಿನ ಇನ್ನೊಂದು ತುದಿಯನ್ನು ತಾಯಿಯ ಸೊಟ್ಟ ಬೆರಳುಗಳ ನಡುವೆ ಇಟ್ಟಳು. "ಅವ್ವ, ಇದನ್ನ ಸ್ವಲ್ಪ ಹಿಡ್ಕೊ."

ಹಿಡಿದುಕೊಂಡಳು. ಅಂದು ಗಂಟು ಬಿಗಿಯಾಗಿತ್ತೋ ಸಡಿಲವಾಗಿತ್ತೋ ಎಂದು ಖೆರಾಮಿಸ್ ಬಗ್ಗಿ ನೋಡಿದ, ಹಕ್ಕಿನ ಮಾತೆತ್ತದೆ ಹೋದ. ಹತ್ತಿರವಿದ್ದ ನನಗೆ ಗೊತ್ತು, ಅಲ್ಲಿ ಗಂಟೇ ಇರಲಿಲ್ಲ. ಒಂದರ ಮೇಲೊಂದು ಸುತ್ತಿ ಸಿಕ್ಕಿಸಿದ ಬರಲು, ಅಷ್ಟೆ. ದೇವಿ ಕದಲದೆ ನಿಂತಿದ್ದಳು.

ಅದಾದ ಎರಡನೆಯ ಚಳಿಗಾಲಕ್ಕೆ ಫಿಲಿನ್ನಾ ತೀರಿಕೊಂಡಳು. ಕಿರೀಟವನ್ನು ಕೊನೆಯವರೆಗೂ ತೆಗೆಯಲಿಲ್ಲ. ಇನ್ನು ಯಾಕಜ್ಜಿ ಎಂದರೆ, ಮಗಳು ಕ್ಷಮಿಸಿದಳು, ಕಳೆದ ವರ್ಷಗಳು ಕ್ಷಮಿಸಬೇಡವೇ ಎಂದಳಂತೆ. ಕಡೆಗಾಲದಲ್ಲಿ ಅವಳು ಒಲೆಯ ಮುಂದೆ ಕುಳಿತು, ಮಗಳು ಕರೆಯುವುದನ್ನು ಕೇಳಿಸಿಕೊಂಡರೂ ಮೊದಲ ಕರೆಗೆ ಓಗೊಡುತ್ತಿರಲಿಲ್ಲ. ಕಿವಿ ಮಂದವಾಗಿರಬೇಕೆಂದು ಜನ ಮರುಗಿದರು. ಕಿವಿ ಚೆನ್ನಾಗಿಯೇ ಇತ್ತು, ಎರಡನೆಯ ಸಲವೂ 'ಅವ್ವ' ಎನ್ನಿಸಿಕೊಳ್ಳುವ ಆಸೆ.

ಇಂಥವರು ಎಲ್ಲ ಊರುಗಳಲ್ಲೂ ಇರುತ್ತಾರೆ. ಪ್ರೀತಿ ಅವರಿಗೆ ಕೈಯ ಕಸುಬು. ಹಿಡಿಯುವುದನ್ನು ಕಲಿತಷ್ಟು ಚೆನ್ನಾಗಿ ಕೇಳುವುದನ್ನು ಕಲಿತಿರುವುದಿಲ್ಲ. ಅವರನ್ನು ಕಠಿಣರೆಂದು ಬೈಯಲು ನನಗೆ ನಾಲಗೆ ಏಳುವುದಿಲ್ಲ, ಏಕೆಂದರೆ ಕಳೆದುಕೊಳ್ಳುವ ಭಯವನ್ನು ಅವರಷ್ಟು ಉಂಡವರಿಲ್ಲ. ಆದರೆ ಪ್ರತಿ ವರ್ಷ ದೇವಿಯ ಮುಂದೆ ರೊಟ್ಟಿಯಿಡುವಾಗ ಅನಿಸುತ್ತದೆ: ಹೋಗಿಬಿಟ್ಟಾರೆಂಬ ಹೆದರಿಕೆಯಲ್ಲಿ ನಾವು ಓಡಿಹೋಗಿ ಬಿಗಿಯುವ ಬಾಗಿಲು ಎಷ್ಟೋ ಸಲ ಮರಳಿ ಬರುತ್ತಿದ್ದವರ ಮುಖಕ್ಕೇ ಬಡಿದಿರುತ್ತದೆ.