ಫ್ಲೋರ್ದೆಲಿಸ್ ಗೆದ್ದ ಗುರುವಾರ

ನಮ್ಮ ಜೆಟ್ಟಿಯಲ್ಲಿ ದೋಣಿ ತುಂಬುವವರೆಗೆ ದೋಣಿಯ ಯಜಮಾನ ತೆರ್ಯೊ ಚದುರಂಗ ಆಡುತ್ತಾನೆ. ನಾನು ಪಕ್ಕದಲ್ಲೇ ಬಾಳೆಹಣ್ಣು ಕರಿಯುವವಳು. ಅವನು ಸೋತದ್ದನ್ನು ಕಂಡವಳಲ್ಲ. ಪ್ರತಿ ಗುರುವಾರ ಎದುರಿನ ದ್ವೀಪದ ಮಕ್ಕಳಿಗೆ ಲಸಿಕೆ ಹಾಕಲು ಹೋಗುವ ನರ್ಸ್ ಫ್ಲೋರ್ದೆಲಿಸ್ ಎರಡು ವರ್ಷದಿಂದ ಅವನ ಕೈಯಲ್ಲಿ ಸೋಲುತ್ತಲೇ ಇದ್ದಳು.

ಅವಳು ಯಾವಾಗಲೂ ರಾಜನ ಮುಂದಿನ ಕಾಲಾಳನ್ನೇ ಮೊದಲು ನಡೆಸುವವಳು. ಆ ದಿನ ರಾಣಿಯ ಮುಂದಿನದನ್ನು ಎರಡು ಮನೆ ತಳ್ಳಿದಳು. ತೆರ್ಯೊ ತಲೆಯೆತ್ತಿ ನೋಡಿದ.

"ಏನ್ ಸಿಸ್ಟರ್, ದಾರಿ ತಪ್ತಾ? ಸೂಜಿ ಹಿಡಿಯೋ ಕೈಗೆ ಇದೆಲ್ಲ ಒಗ್ಗಲ್ಲ ಬಿಡಿ."

ಅವಳು ಪಕ್ಕದ ಕಾಲಾಳನ್ನೂ ಮುಂದಿಟ್ಟಳು. ಕಾವಲಿಲ್ಲದ ಕಾಲಾಳು. ತೆರ್ಯೊ ಅದನ್ನು ತಿಂದ. ಆ ಲಾಭ ಉಳಿಸಿಕೊಳ್ಳಲು ತನ್ನ ಕಾಲಾಳುಗಳನ್ನು ಒಂದೊಂದಾಗಿ ಮುಂದಕ್ಕೆ ತಂದ. ಅವಳು ಆ ಸಾಲನ್ನು ಅಂಚಿನಿಂದ ಒಡೆದು, ರಾಣಿಯನ್ನು ಓರೆಯ ದಾರಿಗೆ ತಂದು ನಿಲ್ಲಿಸಿದಳು. ಅವನ ಮೂಲೆಯ ಆನೆ ನೇರ ರಾಣಿಯ ದಾಳಿಗೆ ಸಿಕ್ಕಿತು. ಅದನ್ನು ಉಳಿಸಲು ತೆರ್ಯೊ ಕುದುರೆಯನ್ನು ಅಡ್ಡ ತಂದ. ರಾಣಿ ಕುದುರೆಯನ್ನೇ ತಿಂದು ರಾಜನಿಗೆ ಚೆಕ್ ಕೊಟ್ಟಿತು.

ತೆರ್ಯೊ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಅಷ್ಟರಲ್ಲಿ ದೋಣಿ ತುಂಬಿತ್ತು. ಎಂಜಿನ್ ಶುರು ಮಾಡಬೇಕೇ ಎಂದು ಸಹಾಯಕ ಕೇಳಿದಾಗ ತೆರ್ಯೊ ಮಣೆಯಿಂದ ಕಣ್ಣೆತ್ತದೆ ಬೇಡವೆಂದು ಕೈಯಾಡಿಸಿದ. ಹತ್ತಿ ಕೂತಿದ್ದವರೆಲ್ಲ ಒಬ್ಬೊಬ್ಬರಾಗಿ ಇಳಿದು ಬಂದು ಸುತ್ತ ನಿಂತರು. ಕೋಳಿ ಬುಟ್ಟಿಯ ಮುದುಕಿಯೊಬ್ಬಳು ತನಗೆ ಆಟವೇ ಗೊತ್ತಿಲ್ಲದಿದ್ದರೂ ನರ್ಸಮ್ಮನ ಕಡೆ ಎಂದು ಸಾರಿದಳು. ನನ್ನ ಬಾಣಲೆಯ ಹಣ್ಣೆಲ್ಲ ಖಾಲಿಯಾದರೂ ಯಾರೂ ಕದಲಲಿಲ್ಲ.

ಕುದುರೆ ಕಳೆದುಕೊಂಡರೂ ತೆರ್ಯೊ ಸುಲಭಕ್ಕೆ ಬಗ್ಗುವ ಆಳಲ್ಲ. ಅವನು ಅಡಗಿಸಿಟ್ಟ ಎರಡು ಬಲೆಗಳನ್ನು ಅವಳು ಬೆರಳು ಕಚ್ಚಿಕೊಂಡು ಯೋಚಿಸಿ ತಪ್ಪಿಸಿಕೊಂಡಳು. ಆಮೇಲೆ ಒಂದೊಂದೇ ಕಾಯಿಯನ್ನು ಬದಲಿಗೆ ಬದಲಿ ಕೊಟ್ಟು ಮಣೆ ಬರಿದು ಮಾಡಿದಳು. ಕಡೆಗೆ ಅವಳ ಎರಡು ಆನೆಗಳು ಅವನ ರಾಜನನ್ನು ಅಂಚಿಗೆ ಒತ್ತಿ ಹಿಡಿದವು.

"ಎಲ್ಲಿಗೆ ಹೋಗ್ತೀರಿ ಮಾಮ?" ಅವಳು ಕೇಳಿದಳು.

ತೆರ್ಯೊ ಬಹಳ ಹೊತ್ತು ಹುಡುಕಿದ. ಹೋಗಲು ಮನೆಯಿರಲಿಲ್ಲ. ಅವನೇ ರಾಜನನ್ನು ಮಲಗಿಸಿ ಕೈ ಚಾಚಿದ.

"ಎಲ್ಲಿ ಕಲಿತ್ರಿ ಇದನ್ನ?"

"ನಿಮ್ಮ ಹತ್ರಾನೇ. ಸಿಕ್ಕಿದ್ದನ್ನೆಲ್ಲ ತಿಂತೀರಿ ಅಂತ ಎರಡು ವರ್ಷ ನೋಡ್ದೆ."

ಎಲ್ಲರಿಗಿಂತ ಜೋರಾಗಿ ನಕ್ಕವನು ತೆರ್ಯೊನೇ. ಮುದುಕಿ ಅವಳ ಕೆನ್ನೆ ಹಿಂಡಿದಳು. ದೋಣಿ ಮುಕ್ಕಾಲು ಗಂಟೆ ತಡವಾಗಿ ಹೊರಟಿತು, ಒಬ್ಬರೂ ಗೊಣಗಲಿಲ್ಲ. ಮುಂದುಗಡೆ ಅವಳನ್ನು ಕೂರಿಸಿಕೊಂಡು ಯಾರೋ ಹಾಡು ಎತ್ತಿದರು. ದೋಣಿ ಅಲೆ ದಾಟಿ ದೂರವಾಗುವವರೆಗೂ ಅದು ದಡಕ್ಕೆ ಕೇಳುತ್ತಿತ್ತು.