ಒಲೆಯ ಬೆನ್ನಿನ ತಗಡು

ಶವಪೆಟ್ಟಿಗೆ ಇನ್ನೂ ಪೂರ್ತಿ ಹೊಸಿಲು ದಾಟಿರಲಿಲ್ಲ. ಅಷ್ಟರಲ್ಲಿ ಲಾಕ್ಲನ್‌ನ ಪಿಕಪ್ ಗಾಡಿ ಅಂಗಳಕ್ಕೆ ನುಗ್ಗಿ ದಾರಿಗೆ ಅಡ್ಡ ನಿಂತಿತು. ಗಾಡಿಯ ಹಿಂಭಾಗದಲ್ಲಿ ಹಗ್ಗ ಬಿಗಿದ ಕಟ್ಟಿಗೆ ಒಲೆಯೊಂದಿತ್ತು. ಬೆಂಕಿಗೆ ಬಿದ್ದು ಬೂದು ಬಣ್ಣಕ್ಕೆ ತಿರುಗಿದ, ಒಂದು ಕಾಲು ಸೊಟ್ಟಗಾದ ಒಲೆ.

"ಇಳಿಸ್ರಪ್ಪ, ಕುರ್ಚಿ ಮೇಲೆ ಇಳಿಸಿ," ಎಂದ ಸತ್ತವನ ತಮ್ಮ ರೋರಿ. ಹೊತ್ತವರು ಅಂಗಳಕ್ಕೆ ತಂದಿಟ್ಟಿದ್ದ ಅಡುಗೆಮನೆಯ ಕುರ್ಚಿಗಳ ಮೇಲೆ ಪೆಟ್ಟಿಗೆ ಇಳಿಸಿದರು. ರೋರಿ ಗಾಡಿಯತ್ತ ನಡೆದ. "ಗಾಡಿ ತೆಗಿ ಲಾಕ್ಲನ್. ಇದು ಸಾವಿನ ಮನೆ."

"ನಂದು ಸುಟ್ಟ ಮನೆ! ಒಲೆಗೆ ಪರೀಕ್ಷೆ ಆದ ಗುರುತಿಲ್ಲ, ಯಾವ ಕಾರ್ಖಾನೇದು ಅಂತಾನೂ ಗೊತ್ತಿಲ್ಲ, ಏನೂ ಕೊಡಲ್ಲ ಅಂತಿದಾರೆ ವಿಮೆಯವರು. ಸೋಮವಾರ ಕಡತ ಮುಚ್ತಾರಂತೆ. ಗುರುತಿದೆ ಅಂತ ಹೇಳಿ ಮಾರಿದ್ದು ನಿಮ್ಮಣ್ಣ. ಎಲ್ಲಿದೆ? ತೋರ್ಸಿ, ಆಮೇಲೆ ಹೂಳಿ."

"ಸತ್ತವನ ಹತ್ರ ಜವಾಬು ಕೇಳ್ತಿದ್ಯಲ್ಲೋ, ನಾಚಿಕೆ ಆಗಲ್ವಾ ನಿಂಗೆ?"

ಗಾಡಿಯೊಳಗೆ ಲಾಕ್ಲನ್‌ನ ಹೆಂಡತಿ ಡೊಲೀನಾ ತಲೆ ತಗ್ಗಿಸಿ ಕೂತಿದ್ದಳು. ಯಾರೋ ಕೊಟ್ಟ ದೊಗಲೆ ಕೋಟು ಅವಳ ಮೈಮೇಲಿತ್ತು.

ನಮ್ಮ ಕೇಪ್ ಬ್ರೆಟನ್ನಿನ ಈ ಕಣಿವೆಯಲ್ಲಿ ಮರ್ಡಾಕ್‌ಗಳಿಗೆ ಬರವಿಲ್ಲ. ಸತ್ತವನು ಒಲೆ ಮರ್ಡಾಕ್. ಹಳೆ ಒಲೆ ತಂದು, ಬಿರುಕು ಮುಚ್ಚಿ, ಮಿರಮಿರ ಕರಿ ಹಚ್ಚಿ ಮಾರುವುದರಲ್ಲೇ ಅವನ ಆಯುಷ್ಯ ಕಳೆದಿತ್ತು. ಅರ್ಧ ಕಣಿವೆ ಅವನ ಒಲೆಗಳ ಬಿಸಿಯಲ್ಲೇ ಚಳಿಗಾಲ ದೂಡುತ್ತಿತ್ತು. ಲಾಕ್ಲನ್‌ನ ಮನೆ ಸುಟ್ಟ ಮೇಲೆ ಅದೇ ಜನ ಮರ್ಡಾಕ್‌ನನ್ನು ಕಂಡರೆ ರಸ್ತೆಯ ಆ ಬದಿಗೆ ಸರಿದು ನಡೆದರು.

ಸ್ಮಶಾನ ಗುಡ್ಡದ ಮೇಲಿದೆ. ದಾರಿಯುದ್ದಕ್ಕೂ ಪ್ರತಿ ಮನೆಯವರು ಸರದಿಯ ಮೇಲೆ ಹೆಗಲು ಕೊಡಬೇಕು. ಹೆಗಲು ಕೊಡದ ಮನೆ ಎಂದರೆ ಸತ್ತವನ ಜೊತೆ ಜಗಳ ಉಳಿಸಿಕೊಂಡ ಮನೆ. ಈ ದಿನ ಹೆಗಲುಗಳು ಕಡಿಮೆ ಇದ್ದವು. ಗಂಡ ಮನೆ ಸುಟ್ಟವನೆಂಬ ಹೆಸರು ಹೊತ್ತು ಮಣ್ಣಿಗೆ ಹೋಗುತ್ತಿದ್ದಾನೆ ಎಂಬುದೊಂದೇ ಅವನ ಹೆಂಡತಿ ಎಫಿಯ ಎದೆಯನ್ನು ಬೆಳಗಿನಿಂದ ಕೊರೆಯುತ್ತಿತ್ತು.

*

"ನಾನು ನೋಡಿದ್ದೆ ಎಫಿ," ಎನ್ನುತ್ತಿದ್ದ ಮರ್ಡಾಕ್ ಆ ಬೆಂಕಿಯ ನಂತರ ದಿನವೂ, ಮುಂದಿದ್ದ ಸೂಪು ಆರುತ್ತಿದ್ದರೂ ಚಮಚ ಮುಟ್ಟದೆ. "ಒಲೆ ಹಿಂದೆ, ಕೆಳಗಡೆ, ಒಂದು ತಗಡು. ಅಕ್ಷರ ಕೊರೆದಿತ್ತು. ಓದಿ, ಲಾಕ್ಲನ್‌ಗೂ ಹೇಳಿದ್ದೆ."

"ನೋಡಿದ್ರೆ ಇರುತ್ತೆ ಬಿಡು."

"ವಿಮೆಯವನು ಟಾರ್ಚ್ ಹಾಕಿ ಹುಡುಕಿದನಂತೆ, ಏನೂ ಇಲ್ವಂತೆ. ಬೇರೆ ಯಾವ್ದೋ ಒಲೇದು ನೋಡಿ ನಾನೇ ಇದರದ್ದು ಅಂದ್ಕೊಂಡ್ನಾ? ನನ್ನ ತಲೆ ಕೆಟ್ಟಿದ್ಯೇನೆ?"

ತಾನೇ ನೋಡಿ ಬರುತ್ತೇನೆಂದು ಒಂದು ಮಧ್ಯಾಹ್ನ ಹೊರಟ. ಲಾಕ್ಲನ್ ಅವನನ್ನು ಗೇಟಿನ ಒಳಗೆ ಬಿಡಲಿಲ್ಲ. ಮರ್ಡಾಕ್ ವಾಪಸು ಬಂದು ಟೋಪಿ ಮೊಳೆಗೆ ಹಾಕಿದವನು ಮತ್ತೆ ಒಲೆಯ ಕೊಟ್ಟಿಗೆಗೆ ಹೋಗಲೇ ಇಲ್ಲ. ಮುಂದಿನ ವಾರ ಬೂಟು ಕಳಚುತ್ತಾ ಕೂತಲ್ಲೇ ವಾಲಿದ.

*

ರೋರಿ ಲಾಕ್ಲನ್‌ನ ಕೊರಳಪಟ್ಟಿ ಹಿಡಿದಿದ್ದ. ಪಾದ್ರಿ ಇಬ್ಬರ ನಡುವೆ ತೂರಿಕೊಂಡು, "ದೇವರಾಣೆ, ಈ ಹೊತ್ತಲ್ಲಿ ಬೇಡ್ರಯ್ಯಾ," ಎಂದು ಗೋಗರೆಯುತ್ತಿದ್ದರು. ಎಫಿ ಅವರನ್ನು ದಾಟಿ ನೇರ ಗಾಡಿಯ ಹಿಂದಕ್ಕೆ ಬಂದಳು. ಒಲೆಯ ಬೆನ್ನು ಅವಳ ಮುಖಕ್ಕೆ ನೇರವಾಗಿತ್ತು. ಬೂದಿ, ಮಸಿ, ಸುಟ್ಟು ಹೆಪ್ಪುಗಟ್ಟಿದ ಕರಿಯ ಪದರ. ಅದರ ನಡುವೆ ಕಾಳಿನಷ್ಟು ಸಣ್ಣ ನಾಲ್ಕು ಉಬ್ಬು.

ಅವಳ ಬೆರಳಿಗೆ ಆ ಉಬ್ಬುಗಳ ಗುರುತು ಸಿಕ್ಕಿತು.

*

ಚಳಿ ಶುರುವಾಗುವ ಮುಂಚೆ ಮರ್ಡಾಕ್‌ನ ಕೈ ನಡುಗತೊಡಗಿತ್ತು. ಅದಕ್ಕೇ ಆ ವರ್ಷ ಕರಿ ಹಚ್ಚುವ ಕೆಲಸ ಎಫಿಯದಾಯಿತು.

"ಹಿಂದ್ಗಡೇನೂ ಹಚ್ಚು, ಮೂಲೆ ಬಿಡಬೇಡ," ಎಂದಿದ್ದ ಬಾಗಿಲಲ್ಲಿ ಕೂತು, ಲಾಕ್ಲನ್‌ಗೆ ಹೋಗಬೇಕಿದ್ದ ಒಲೆಯನ್ನು ತೋರಿಸಿ.

"ಹಿಂದೆ ಯಾರು ನೋಡ್ತಾರೆ?"

"ಯಾರೂ ನೋಡ್ದೆ ಇದ್ರೂ ಒಲೆಗೆ ಗೊತ್ತಾಗುತ್ತಲ್ಲ!"

ನಮ್ಮ ಹೆಂಗಸರು ಕಬ್ಬಿಣ ಕಂಡರೆ ಕರಿ ಹಚ್ಚದೆ ಬಿಡುವವರಲ್ಲ. ಕೊಟ್ಟಿಗೆಯ ಕತ್ತಲೆಯಲ್ಲಿ ಕರಿ ಹಚ್ಚುವ ಬಟ್ಟೆ ಒಲೆಯ ಬೆನ್ನಲ್ಲಿ ಯಾವುದೋ ನಾಲ್ಕು ಮೊಳೆಗಳಿಗೆ ಸಿಕ್ಕಿ ಹರಿಯಿತು. ತುಕ್ಕು ಹಿಡಿದ ತೇಪೆ ಇರಬೇಕೆಂದುಕೊಂಡಳು. ಶಾಪ ಹಾಕಿ, ಅದರ ಮೇಲೆ ಇನ್ನೂ ಎರಡು ಸಲ ದಪ್ಪಗೆ ಬಳಿದಳು.

*

"ರೋರಿ, ಅವನನ್ನ ಬಿಡು. ಕೊಟ್ಟಿಗೇಲಿ ತಂತಿ ಬ್ರಶ್ ಇದೆ, ತಗೊಂಬಾ."

"ಎಫಿ, ನೀವು ಒಳಗೆ..." ಎಂದರು ಪಾದ್ರಿ.

"ಒಳಗೆ ಹೋಗಿ ಏನು ಮಾಡ್ಲಿ? ನನ್ನ ಗಂಡ ಹೊರಗಿದಾನೆ."

ಬ್ರಶ್ ಬಂತು. ಅವಳು ಉಜ್ಜಿದಳು. ಕರಿ ಜಗ್ಗಲಿಲ್ಲ. ಅವಳ ತೋಳು ಸೋಲುವುದನ್ನು ನೋಡಿ ಲಾಕ್ಲನ್, "ಕೊಡಿ ಇಲ್ಲಿ," ಎಂದು ಕಿತ್ತುಕೊಂಡ. ಹಟಕ್ಕೆ ಬಿದ್ದು ಉಜ್ಜಿದ, ಅಂಗೈಯಿಂದ ಒರೆಸಿದ, ಮತ್ತೆ ಉಜ್ಜಿದ. ಕೊನೆಗೆ ಒಂದು ಅಕ್ಷರ ಎದ್ದಿತು. ಅದರ ಪಕ್ಕ ಇನ್ನೊಂದು.

ಎಫಿ ಕನ್ನಡಕ ಏರಿಸಿಕೊಂಡು ಎಲ್ಲರಿಗೂ ಕೇಳುವಂತೆ ಓದಿದಳು. ಕಾರ್ಖಾನೆಯ ಹೆಸರು. ಒಲೆಯ ಸಂಖ್ಯೆ. ಸುರಕ್ಷತೆಯ ಪರೀಕ್ಷೆ ಮಾಡಿದವರ ಮುದ್ರೆ.

"ಇದೆ," ಎಂದ ಲಾಕ್ಲನ್. "ಅಯ್ಯೋ ದೇವ್ರೇ, ಇದೆ. ಡೊಲೀನಾ, ಇದೆ ಕಣೇ!"

ಎಫಿ ಓದು ನಿಲ್ಲಿಸಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು, ತನ್ನ ಮೇಲೂ ಇವನ ಮೇಲೂ. "ಒಲೆಯ ಬೆನ್ನಿಗೂ ಮರದ ಗೋಡೆಗೂ ನಡುವೆ ಮೂವತ್ತು ಇಂಚು ಜಾಗ ಬಿಡತಕ್ಕದ್ದು."

ಡೊಲೀನಾ ಗಾಡಿಯಿಂದ ಇಳಿದು ಬಂದಳು.

"ನಾವು ಬಿಟ್ಟಿದ್ದು ಒಂದು ಗೇಣು," ಎಂದಳು. "ಮರ್ಡಾಕ್ ಬಂದು ಸರಿಯಾಗೇ ಇಟ್ಟು ಹೋಗಿದ್ರು. ಸೋಫಾ ಹಿಡಿಸಲ್ಲ ಅಂತ ನಾವೇ ಹಿಂದಕ್ಕೆ ತಳ್ಳಿದ್ವಿ."

"ಡೊಲೀನಾ, ಬಾಯ್ಮುಚ್ಚು."

"ಮುಚ್ಚಿದ್ದು ಸಾಕು. ಆ ಮನುಷ್ಯ ನಮ್ಮ ಗೇಟಲ್ಲಿ ನಿಂತು ಬೇಡ್ಕೊಂಡ್ರಲ್ಲ, ಆಗ್ಲೇ ಹೇಳ್ಬೇಕಿತ್ತು."

"ಕೇಳಿಸ್ತಾ ಎಲ್ರಿಗೂ?" ರೋರಿ ಜನರತ್ತ ತಿರುಗಿ ಕೂಗಿದ. "ಕೇಳಿಸ್ತಾ?"

"ಸಾಕು ರೋರಿ," ಎಂದಳು ಎಫಿ. ಪೆಟ್ಟಿಗೆಯ ಬಳಿ ಹೋಗಿ ಬಗ್ಗಿದಳು. "ನೀನು ನೋಡಿದ್ದು ನಿಜ ಕಣೋ. ನಿನ್ನ ತಲೆ ಸರಿಯಾಗೇ ಇತ್ತು. ನಾನೇ ಮುಚ್ಚಿಬಿಟ್ಟಿದ್ದೆ." ಆ ದಿನ ಮೊದಲ ಸಲ ಅವಳಿಗೆ ಜೋರಾಗಿ ಅಳು ಬಂತು.

ಲಾಕ್ಲನ್ ಗಾಡಿಯನ್ನು ಹಿಂದೆ ಸರಿಸಿ ದಾರಿ ಬಿಟ್ಟ. ಹೊತ್ತವರು ಪೆಟ್ಟಿಗೆಯನ್ನು ಮತ್ತೆ ಎತ್ತುವ ಹೊತ್ತಿಗೆ ಬಂದು ಬಲಗಡೆಯವನ ಪಕ್ಕ ನಿಂತ. ಬಲಗಡೆಯವನು ರೋರಿಯ ಮುಖ ನೋಡಿದ, ರೋರಿ ಎಫಿಯ ಮುಖ ನೋಡಿದ.

"ನಮ್ಮನೆ ಸರದಿ," ಎಂದ ಲಾಕ್ಲನ್, ನೆಲ ನೋಡುತ್ತಾ.

"ಕೈಯಾದ್ರೂ ಒರೆಸ್ಕೊಳೋ, ಹೊಸ ಪೆಟ್ಟಿಗೆ," ಎಂದು ಗದರಿದ ರೋರಿ.

"ಇರ್ಲಿ ಬಿಡು," ಎಂದಳು ಎಫಿ.

ಗುಡ್ಡದ ಮೇಲೆ ಹಗ್ಗ ಸಡಿಲಿಸಿ ಪೆಟ್ಟಿಗೆಯನ್ನು ಗುಂಡಿಗೆ ಇಳಿಸುವಾಗ, ಬಿಳಿಯ ಪೈನ್ ಹಲಗೆಯ ಮೇಲೆ ಐದು ಬೆರಳುಗಳ ಕರಿಯ ಅಚ್ಚು ಸುತ್ತ ನಿಂತವರಿಗೆಲ್ಲ ಕಾಣುತ್ತಿತ್ತು.