ಮೆಷಿನ್ ಕೆಳಗಿನ ಹಂಸ

"ಬಟ್ಟೆ ಒಗೆಯೋ ಮೆಷಿನ್ ಬಂದ ದಿನವೇ ಈ ಕಲ್ಲನ್ನ ತಂದ ಜಾಗದಲ್ಲೇ, ತಂದ ಹಾಗೇ ಇಟ್ಟು ಬರ್ತೀನಿ ಅತ್ತೆ" ಎಂದು ನಾನು ಮಾತು ಕೊಟ್ಟು ಹದಿನಾಲ್ಕು ವರ್ಷವಾಯಿತು.

ಆಗ ನಾನು ಊರವರ ಬಟ್ಟೆ ಒಗೆದುಕೊಡುವ ಕೆಲಸ ಹಿಡಿದ ಹೊಸತು. ಹಿತ್ತಿಲಿನಲ್ಲಿ ಒಂದು ಸಿಮೆಂಟು ಕಟ್ಟೆ ಇತ್ತು. ಅದರ ಮೇಲೆ ಬಟ್ಟೆ ಕುಕ್ಕಿದರೆ ಕೊಳೆಗಿಂತ ಮೊದಲು ಸಿಮೆಂಟೇ ಬಿಡುತ್ತಿತ್ತು. ಊರಾಚೆಯ ಗುಡ್ಡದ ಮೇಲೆ ಹಾಳು ಅರಮನೆಯಿದೆ. ಅಲ್ಲಿನ ಕೊಳದ ಗೋಡೆಯಿಂದ ನಮ್ಮ ಯಜಮಾನರು ಒಂದು ಕಲ್ಲು ಎಬ್ಬಿಸಿದರು. ಎಬ್ಬಿಸಿದವರು ಅವರು, ಕೈಗಾಡಿ ತಳ್ಳಿದವಳು ನಾನು. ಕಲ್ಲಿನ ಮೇಲ್ಭಾಗ ನುಣ್ಣಗಿತ್ತು. ಪಕ್ಕದಲ್ಲಿ ಹಕ್ಕಿಯೊಂದರ ಕತ್ತು, ತಲೆ, ಕೊಕ್ಕು ಕೆತ್ತಿದ್ದರು. ಮೈ ಇರಲಿಲ್ಲ. ಅದು ಗೋಡೆಯಲ್ಲೇ ಉಳಿದಿತ್ತು.

ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತರು.

"ಇದೇನ್ರೋ, ಯಾರ ಮನೆ ಗೋಡೆ ಕಿತ್ಕೊಂಡು ಬಂದ್ರಿ?"

"ಯಾರ ಮನೇದೂ ಅಲ್ಲಮ್ಮ, ಪಾಳು ಬಿದ್ದಿರೋದು. ಗುಡ್ಡದ ತುಂಬ ಕಲ್ಲೇ ಇದೆ. ಒಂದು ಕಮ್ಮಿಯಾಯ್ತು ಅಂತ ರಾಜ ಎದ್ದು ಬಂದು ಕೇಳ್ತಾನಾ?"

"ರಾಜ ಕೇಳಲ್ಲಪ್ಪ. ನಾನು ಕೇಳ್ತೀನಿ."

ಕೇಳಿದರು ಕೂಡ. ದಿನಾ ಕೇಳಿದರು. ಅವರ ಬಾಯಿ ಮುಚ್ಚಿಸಲೆಂದೇ ನಾನು ಆ ಮಾತು ಕೊಟ್ಟೆ. ಮೆಷಿನ್ ನಮ್ಮ ಮನೆಗೆ ಬರುವುದು ಉಂಟೇ ಎಂಬ ಧೈರ್ಯ ನನಗೆ.

ಐದು ವರ್ಷಕ್ಕೆ ಮೆಷಿನ್ ಬಂತು. ಅತ್ತೆ ನನ್ನ ಮುಖ ನೋಡಿದರು, ನಾನು ಮೆಷಿನ್ ನೋಡಿದೆ. ನಮ್ಮ ಬಚ್ಚಲ ನೆಲ ಇಳಿಜಾರು. ಬಟ್ಟೆ ಹಿಂಡುವಾಗ ಮೆಷಿನ್ ಗಡಗಡ ಕುಣಿಯುತ್ತ ಬಾಗಿಲವರೆಗೆ ಬಂದುಬಿಡುತ್ತಿತ್ತು. ಯಜಮಾನರದು ಟೈಲ್ಸ್ ಹಾಕುವ ಕೆಲಸ. "ಕೆಳಗೆ ಆ ಕಲ್ಲು ಕೊಟ್ಟರೆ ಅಲ್ಲಾಡಲ್ಲ" ಎಂದರು. ಕಲ್ಲು ನಾಲ್ಕು ಬೆರಳಿನಷ್ಟು ಹೆಚ್ಚಾಗಿ ನೀರು ಹೋಗುವ ತೂತಿಗೆ ಅಡ್ಡ ಬಂತು. ಕಟರ್ ಹಿಡಿದು ಎರಡು ನಿಮಿಷದಲ್ಲಿ ಕೊಯ್ದು ನೇರ ಮಾಡಿದರು. ಆ ನಾಲ್ಕು ಬೆರಳಿನಲ್ಲಿ ಹಕ್ಕಿಯ ಕೊಕ್ಕು ಹೋಯಿತು. ತುಂಡು ಯಾವ ಮನೆಯ ನೆಲದಡಿ ಸೇರಿತೋ, ಅವರಿಗೂ ನೆನಪಿಲ್ಲ.

ಅತ್ತೆ ಮತ್ತೆ ಕೇಳಲಿಲ್ಲ. ಅವರು ಕೇಳದೆ ಇದ್ದದ್ದು ನನಗೆ ಆಗ ಹಾಯೆನಿಸಿತ್ತು.

ಮಗಳಿಗೆ ಆಗ ಮೂರು ವರ್ಷ. ಬಚ್ಚಲಲ್ಲಿ ಕೂತು ಸೋಪಿನ ನೊರೆ ತೆಗೆದು ಆ ತಲೆಗೆ ಸ್ನಾನ ಮಾಡಿಸುತ್ತಿದ್ದಳು. ಬಾತು ಎಂದು ಕರೆಯುತ್ತಿದ್ದಳು. "ಅಮ್ಮ, ಬಾತು ಯಾಕೆ ಮಾತಾಡಲ್ಲ?" ಎಂದರೆ, "ಬಾಯಿಲ್ವಲ್ಲ ಮಗಾ" ಎನ್ನುತ್ತಿದ್ದೆ. ನಗುತ್ತಿದ್ದೆ.

ಮಗಳಿಗೀಗ ಹನ್ನೆರಡು. ಈ ವರ್ಷ ಗುಡ್ಡಕ್ಕೆ ಎಲೆಕ್ಟ್ರಿಕ್ ಸೈಕಲ್ ಪ್ರವಾಸ ಶುರುವಾಗಿದೆ. ಹೊರಗಿನಿಂದ ಜನ ಬರುತ್ತಾರೆ, ಗೈಡ್ ಜೊತೆ ಹೊಲದ ದಾರಿಯಲ್ಲಿ ತುಳಿದುಕೊಂಡು ಹೋಗಿ ಅರಮನೆ ನೋಡುತ್ತಾರೆ. ಗೈಡ್ ನಮ್ಮ ಹಿಂದಿನ ಬೀದಿಯ ಟೈಲರ್ ಮಗಳು. ಗೈಡ್‌ಗಳ ಹಳದಿ ಜಾಕೆಟ್ ಒಗೆಯುವ ಕೆಲಸ ನನಗೆ ಸಿಕ್ಕಿದ್ದೂ ಅವಳಿಂದಲೇ. "ಕೆಲಸ ಮಾಡೋರೇ ನೋಡದಿದ್ರೆ ಹೇಗಕ್ಕ? ಭಾನುವಾರ ಮನೆಯವರನ್ನೆಲ್ಲ ಕರ್ಕೊಂಡು ಬನ್ನಿ" ಎಂದಳು.

ಅತ್ತೆ ಮಾತ್ರ ಒಲ್ಲೆ ಎಂದರು. "ಸೈಕಲ್‌ಗಲ್ಲ, ನನ್ನ ಮಂಡಿಗೆ ಬ್ಯಾಟರಿ ಹಾಕ್ಸಿ. ಆಗ ಬರ್ತೀನಿ."

ಹೊರಡುವ ಮುಂಚೆ ಟೈಲರ್ ಮಗಳು ಎಲ್ಲರ ತಲೆಗೂ ಹೆಲ್ಮೆಟ್ ಕಟ್ಟಿದಳು. "ಇದು ತಾನಾಗೇ ಓಡಲ್ಲ, ತುಳೀಬೇಕು. ಏರು ಬಂದಾಗ ಬ್ಯಾಟರಿ ಕೈ ಕೊಡುತ್ತೆ."

"ಕೈ ಕೊಡುತ್ತಾ? ಏರಿನಲ್ಲೇ ಕೈ ಕೊಟ್ರೆ ಗತಿಯೇನಮ್ಮ?" ಎಂದರು ಯಜಮಾನರು.

"ಅಯ್ಯೋ ಅಣ್ಣ, ಸಹಾಯಕ್ಕೆ ಬರುತ್ತೆ ಅಂದೆ!"

ನಿಜಕ್ಕೂ ಹಾಗೇ ಇತ್ತು. ಪೆಡಲ್ ತುಳಿದರೆ ಯಾರೋ ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ತಳ್ಳಿದ ಹಾಗೆ. ಕಾಲುವೆ ದಾಟಿದೆವು, ಕೊಯ್ಲಾದ ಹೊಲಗಳ ನಡುವೆ ಹೋದೆವು. ಕುರಿಮಂದೆಯೊಂದು ದಾರಿ ಬಿಡದೆ ನಮ್ಮನ್ನೇ ನೋಡುತ್ತ ನಿಂತಿತು. ಎಷ್ಟೋ ವರ್ಷಗಳ ಮೇಲೆ ನನ್ನ ಕೈ ಒದ್ದೆಯಿಲ್ಲದ ಒಂದು ಬೆಳಿಗ್ಗೆ. ಮಗಳು ಮುಂದೆ ಮುಂದೆ ಹೋಗುತ್ತ, "ಅಮ್ಮ, ಬೇಗ ಬಾ!" ಎಂದು ಕೂಗುತ್ತಿದ್ದಳು. ಗುಡ್ಡ ಹತ್ತಿರವಾಗುವವರೆಗೂ ನನಗೆ ಕಲ್ಲಿನ ನೆನಪೇ ಬರಲಿಲ್ಲ. ಇದನ್ನು ಹೇಳಲೂ ನಾಚಿಕೆಯಾಗುತ್ತದೆ.

ಕೊಳದ ಗೋಡೆಯ ಉದ್ದಕ್ಕೂ ಹಂಸಗಳ ಸಾಲಿತ್ತು. ಒಂದರ ಹಿಂದೆ ಒಂದು. ಹಿಂದಿನದರ ಕೊಕ್ಕು ಮುಂದಿನದರ ಬಾಲಕ್ಕೆ ತಾಗುವ ಹಾಗೆ ಕೆತ್ತಿದ್ದರು, ಮಕ್ಕಳು ರೈಲಾಟ ಆಡುವ ಹಾಗೆ.

"ಮೂವತ್ತಾರು ಹಂಸ ಇದ್ವು" ಎಂದಳು ಟೈಲರ್ ಮಗಳು. "ಈಗ ಪೂರ್ತಿ ಇರೋದು ಇಪ್ಪತ್ತೊಂಬತ್ತು. ಇಲ್ಲಿ ನೋಡಿ, ಇದಕ್ಕೆ ಮೈಯಿದೆ, ತಲೆಯಿಲ್ಲ. ಯಾರೋ ಈ ಕಲ್ಲು ಕಿತ್ಕೊಂಡು ಹೋದ್ರು."

"ಒಂದು ಕಲ್ಲಿಗೆ ಏನಾಗುತ್ತಮ್ಮ? ಅಷ್ಟು ದೊಡ್ಡ ಗೋಡೆ" ಎಂದರು ಯಜಮಾನರು. ಅವರ ದನಿ ಸ್ವಲ್ಪ ಜೋರಾಗಿಯೇ ಇತ್ತು.

"ನೀವು ಟೈಲ್ಸ್ ಕೆಲಸದವರು, ನಿಮಗೆ ನಾನು ಹೇಳ್ಬೇಕಾ ಅಣ್ಣ? ಒಂದು ಟೈಲ್ ಎದ್ದರೆ ನೀರು ಎಲ್ಲಿಗೆ ಹೋಗುತ್ತೆ?"

ಯಜಮಾನರು ಬಗ್ಗಿ ತೂತಿನೊಳಗೆ ನೋಡಿದರು.

"ಈ ತೂತಿನಿಂದ ಮಳೆನೀರು ಗೋಡೆ ಒಳಗೆ ಇಳೀತು. ಒಳಗೊಳಗೇ ಹರಿದು ಆ ಮೂಲೇಲಿ ಗೋಡೆ ಉಬ್ಬಿ ಕುಸೀತು. ಆರು ಹಂಸ ಬಿದ್ದು ಪುಡಿಯಾದ್ವು. ಕಿತ್ತವರು ಒಂದು ಕಿತ್ತೆವು ಅಂದ್ಕೊಂಡಿರ್ತಾರೆ. ಹೋಗಿದ್ದು ಏಳು."

ಮಗಳು ಆ ತೂತಿನ ಮುಂದೆ ಕೂತಳು. ಬೆರಳಿನಿಂದ ಹಂಸದ ಎದೆ ಸವರಿ, ಕತ್ತು ಇರಬೇಕಾದ ಕಡೆ ಗಾಳಿಯಲ್ಲೇ ಒಂದು ಗೆರೆ ಎಳೆದಳು. ಆ ತಿರುವು ಅವಳಿಗೆ ಬಾಯಿಪಾಠವಿತ್ತು. ಮುಖ ಅರಳಿತು.

"ಅಕ್ಕಾ! ಇದರ ತಲೆ ನಮ್ಮ..."

ನಾನು ಅವಳ ತೋಳು ಚಿವುಟಿದೆ. ಬಲವಾಗಿಯೇ.

"ಏನಂದೆ ಪುಟ್ಟ?" ಟೈಲರ್ ಮಗಳು ತಿರುಗಿದಳು.

ಮಗಳು ನನ್ನನ್ನು ನೋಡಿದಳು. ತೋಳು ಉಜ್ಜಿಕೊಂಡಳು.

"ಏನಿಲ್ಲ ಅಕ್ಕ" ಎಂದಳು.

ಸುಳ್ಳು ಹೇಳಬೇಡ ಎಂದು ನಾನು ಅವಳಿಗೆ ಎಷ್ಟು ಸಲ ಗದರಿದ್ದೇನೋ. ಅವತ್ತು ಎಲ್ಲರ ಎದುರಿಗೆ ನಾನೇ ಚಿವುಟಿ ಹೇಳಿಸಿದೆ.

ವಾಪಸು ಬರುವಾಗ ಅದೇ ಸೈಕಲ್, ಅದೇ ಬ್ಯಾಟರಿ, ದಾರಿ ಇಳಿಜಾರು. ಆದರೂ ತುಳಿಯಲಾಗುತ್ತಿರಲಿಲ್ಲ. ಮಗಳು ಮುಂದೆಯೇ ಹೋಗುತ್ತಿದ್ದಳು. ಒಂದು ಸಲವೂ ಹಿಂದೆ ತಿರುಗಲಿಲ್ಲ, ಬೇಗ ಬಾ ಎನ್ನಲಿಲ್ಲ.

ಮನೆಯಲ್ಲಿ ಅತ್ತೆ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಹಂಸ ಎಲ್ಲಾ ನೋಡಿದ್ಯೇನೇ?"

"ನೋಡಿದೆ ಅಜ್ಜಿ. ಒಂದಕ್ಕೆ ತಲೆಯಿಲ್ಲ. ಎಲ್ಲಿದೆ ಅಂತ ನಂಗೊತ್ತು, ಆದ್ರೆ ಹೇಳಬಾರದಂತೆ."

ಅತ್ತೆ ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಯಜಮಾನರು ನನ್ನನ್ನು ಅಡಿಗೆಮನೆಗೆ ಕರೆದರು. "ಹೇಳ್ಬೇಡ ಕಣೆ. ಕಳ್ಳರು ಅಂತಾರೆ. ಜಾಕೆಟ್ ಒಗೆಯೋ ಕೆಲಸವೂ ಹೋಗುತ್ತೆ. ಕತ್ತಲಾದ ಮೇಲೆ ಗಾಡಿಯಲ್ಲಿ ಒಯ್ದು ಅಲ್ಲೇ ಇಟ್ಟು ಬಂದ್ಬಿಡೋಣ."

ಅತ್ತೆಗೆ ಮಂಡಿ ನೋವಿದ್ದರೂ ಕಿವಿ ಚುರುಕು. ಹೊರಗಿನಿಂದಲೇ ಹೇಳಿದರು: "ತರುವಾಗ ಹಾಡುಹಗಲಲ್ಲೇ ತಂದ್ರಲ್ಲೋ. ಕೊಡುವಾಗ ಯಾಕೆ ಕತ್ತಲು?"

ಮಾರನೆಯ ದಿನ ಒಗೆದ ಜಾಕೆಟ್ ಕೊಡಲು ಹೋದಾಗ ಮಗಳನ್ನೂ ಕರೆದುಕೊಂಡು ಹೋದೆ. ಗಂಟು ಮೇಜಿನ ಮೇಲಿಟ್ಟೆ. ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ಆ ಹಂಸದ ತಲೆ ನಮ್ಮ ಬಚ್ಚಲಲ್ಲಿದೆ. ನಾವೇ ಕಿತ್ತಿದ್ದು. ನಿನ್ನೆ ಇವಳು ಹೇಳೋಕೆ ಬಂದ್ಲು, ನಾನು ಚಿವುಟಿದೆ."

ಟೈಲರ್ ಮಗಳು ಒಂದು ಜಾಕೆಟ್ ಎತ್ತಿ, ಮಡಿಕೆ ಸರಿಮಾಡಿ, ಮತ್ತೆ ಇಟ್ಟಳು.

"ಚಿವುಟಿದ್ದು ನಾನು ನೋಡಿದ್ದೆ ಅಕ್ಕ. ನೀವೇ ಬಂದು ಹೇಳ್ತೀರೇನೋ ಅಂತ ಕಾಯ್ತಿದ್ದೆ."

ಅವಳು ಬೈದಿದ್ದರೆ ತಲೆಯೆತ್ತುತ್ತಿದ್ದೆನೇನೋ. ನೆಲ ನೋಡುತ್ತಲೇ, "ಈಗ ಏನ್ ಮಾಡ್ಬೇಕು?" ಎಂದೆ.

"ಮೊದಲು, ನೀವೇ ಒಯ್ದು ಸಿಗಿಸೋಕೆ ಹೋಗ್ಬೇಡಿ. ಇನ್ನೊಂದು ಕಲ್ಲು ಬಿದ್ದೀತು. ಬ್ರಷ್ ಹಾಕಿ ಉಜ್ಜಬೇಡಿ, ಆಸಿಡ್ ಅಂತೂ ಮುಟ್ಟಿಸಲೇಬೇಡಿ. ಸಿಮೆಂಟು ಮೆತ್ತಬೇಡಿ. ಹಾಗೇ ಗೋಣಿಚೀಲದಲ್ಲಿ ಸುತ್ತಿಡಿ. ಅರಮನೆ ನೋಡ್ಕೊಳ್ಳೋ ಕಚೇರಿಗೆ ನಾನೂ ಜೊತೆಗೆ ಬರ್ತೀನಿ. ಎಲ್ಲಿಂದ ತಂದ್ರಿ, ಯಾವಾಗ ತಂದ್ರಿ ಹೇಳಿ. ಕಲ್ಲು ಕೂರಿಸೋರಿಗೆ ಅದು ಗೊತ್ತಾಗ್ಬೇಕು."

ಮೆಷಿನ್ ಎತ್ತಿ ಕಲ್ಲು ತೆಗೆದೆವು. ಮೆಷಿನ್ ಕಾಲಿಗೆ ಯಜಮಾನರು ರಬ್ಬರಿನ ತುಂಡು ಕೊಟ್ಟರು. ಮೆಷಿನ್ ಕುಣಿಯಲಿಲ್ಲ. ಒಂಬತ್ತು ವರ್ಷ ಹಂಸದ ನೆತ್ತಿಯ ಮೇಲೆ ಹೊರಿಸಿದ್ದ ಭಾರಕ್ಕೆ ನಾಲ್ಕು ರಬ್ಬರ್ ತುಂಡು ಸಾಕಾಗಿತ್ತು.

ಕಲ್ಲು ಕೂರಿಸುವ ದಿನ ಅತ್ತೆಯೂ ಆಟೋದಲ್ಲಿ ಬಂದರು. ಕಚೇರಿಯ ಹಿರಿಯ ಕಲ್ಲುಕುಟಿಗ ಗೋಣಿ ಬಿಚ್ಚಿ, ಕೊಯ್ದ ಅಂಚಿನ ಮೇಲೆ ಹೆಬ್ಬೆರಳು ಎಳೆದ.

"ಎಷ್ಟು ನೇರ! ಯಾರೋ ಕೆಲಸ ಬಲ್ಲವನೇ ಕೊಯ್ದಿದ್ದಾನೆ" ಎಂದ.

ಜನ ಕೆಲಸ ಹೊಗಳಿದರೆ ಊರಿಗೆಲ್ಲ ಹೇಳಿಕೊಂಡು ಬರುವ ಮನುಷ್ಯ ನಮ್ಮ ಯಜಮಾನರು. ಅವತ್ತು ತಮ್ಮ ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಒಂದು ಹೆಜ್ಜೆ ಮುಂದೆ ಬಂದು, "ನಾನೇ ಕೊಯ್ದಿದ್ದು" ಎಂದರು.

ಕಲ್ಲು ಒಳಗೆ ಹೋಯಿತು. ಕತ್ತು ಮೈಗೆ ಕೂಡಿತು. ಆದರೆ ಮುಂದಿನ ಹಂಸದ ಬಾಲಕ್ಕೂ ಇದಕ್ಕೂ ನಡುವೆ ನಾಲ್ಕು ಬೆರಳು ಖಾಲಿ ಉಳಿಯಿತು. ಅಲ್ಲಿ ಬೋಳು ಕಲ್ಲು ತುಂಬಿದರು. ಮಗಳು ಬಗ್ಗಿ ನೋಡಿ, "ಪರವಾಗಿಲ್ಲ ಅಮ್ಮ, ನೀರು ಒಳಗೆ ಹೋಗಲ್ಲ ಅಲ್ವಾ?" ಎಂದಳು. ನನ್ನನ್ನು ಸಮಾಧಾನ ಮಾಡಲು ಹೇಳಿದ್ದು.

ಜಾಕೆಟ್ ಒಗೆಯುವ ಕೆಲಸ ಹೋಗಲಿಲ್ಲ. ಟೈಲರ್ ಮಗಳು ಈಗಲೂ ಗಂಟು ಕಳಿಸುತ್ತಾಳೆ. ಆ ಹಳದಿ ಬಟ್ಟೆ ನೆನೆಸುವಾಗಲೆಲ್ಲ ನನಗೆ ಮಗಳ ತೋಳು ಕಣ್ಣಿಗೆ ಬರುತ್ತದೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇದನ್ನು ಓದಿದ ಮೇಲೆ ಒಂದು ಸಲ ಎದ್ದು ನಿಮ್ಮ ಹಿತ್ತಿಲು ನೋಡಿ, ಬಚ್ಚಲು ನೋಡಿ, ಬಾಗಿಲ ಮೆಟ್ಟಿಲು ನೋಡಿ. ಹೂವೋ ಹಕ್ಕಿಯೋ ಅಕ್ಷರವೋ ಇರುವ ಕಲ್ಲು ಕಂಡರೆ, ಅದಕ್ಕಾಗಿ ಎಲ್ಲೋ ಒಂದು ಗೋಡೆಯಲ್ಲಿ ತೂತಿದೆ. ಕೊಯ್ಯಬೇಡಿ, ಉಜ್ಜಬೇಡಿ, ಕದ್ದುಮುಚ್ಚಿ ಬಿಸಾಡಲೂ ಬೇಡಿ. ಹಳೇ ಕಟ್ಟಡ ನೋಡಿಕೊಳ್ಳುವ ಕಚೇರಿಗೆ ಹಗಲಲ್ಲೇ ಹೋಗಿ ಹೇಳಿ. ಹಾಳುಬಿದ್ದ ಹಳೇ ಜಾಗ ನೋಡಲು ಹೋದರೆ ಸೈಕಲ್ಲನ್ನು ದಾರಿಯ ಮೇಲೇ ಓಡಿಸಿ, ಗೋಡೆ ಹತ್ತಬೇಡಿ, ಬರುವಾಗ ಒಂದು ಚೂರು ಕಲ್ಲನ್ನೂ ಜೇಬಿಗೆ ಹಾಕಿಕೊಳ್ಳಬೇಡಿ. ನಿಮ್ಮ ಮಗು ನಿಜ ಹೇಳಲು ಬಾಯಿ ತೆರೆದರೆ, ದಯವಿಟ್ಟು ಚಿವುಟಬೇಡಿ.

ತಂದ ಜಾಗದಲ್ಲೇ, ತಂದ ಹಾಗೇ ಇಡುತ್ತೇನೆ ಎಂದು ಅತ್ತೆಗೆ ಹೇಳಿದ್ದೆ. ತಂದ ಜಾಗದಲ್ಲಿ ಇಟ್ಟೆವು. ತಂದ ಹಾಗೆ ಇಡಲಿಲ್ಲ. ಮಾತು ಮುರಿದೆ.